ಉಳ್ಳವರು ಕರಗಿಸಿದ ಮಂಜಿಗೆ ನಾವು ಬಡ್ಡಿ ಕಟ್ಟಬೇಕೇ?

ಕಳೆದ ವಾರ ಮೊಳಕಾಲ್ಮೂರಿನ ಬಸ್ ನಿಲ್ದಾಣದ ಬಳಿಯ ಒಂದು ಹೋಟೆಲಿನಲ್ಲಿ ನಾವು ನಾಲ್ಕೈದು ಮಂದಿ ಸೇರಿದ್ದೆವು. ಮಗ್ಗದವರು ಇಬ್ಬರು, ಚಳ್ಳಕೆರೆಯ ಎಣ್ಣೆ ಗಿರಣಿಯ ಹಮಾಲರೊಬ್ಬರು, ಶೇಂಗಾ ವ್ಯಾಪಾರದ ಶೆಟ್ಟರೊಬ್ಬರು. ಧ್ರುವಗಳ ಕಡಲಿನಲ್ಲಿ ಮಂಜುಗಡ್ಡೆ ಕಡಿಮೆಯಾಗುತ್ತಿದೆ ಎಂಬ ಸುದ್ದಿಯನ್ನು ಪತ್ರಿಕೆಯಿಂದ ಓದಿ ಹೇಳಿದೆವು. ಶೆಟ್ಟರು ನಕ್ಕುಬಿಟ್ಟರು. "ಮೇಷ್ಟ್ರೇ, ನಮ್ಮೂರ ಕೆರೆಯಲ್ಲಿ ನೀರಿಲ್ಲ, ನೀವು ಯಾವ ಕಡಲಿನದೋ ಮಂಜಿನ ಚಿಂತೆ ಮಾಡ್ತೀರಲ್ಲ! ಅದೂ ಬೇಸಿಗೆಗೆ ಕರಗಿದ್ದು ಚಳಿಗಾಲಕ್ಕೆ ಮತ್ತೆ ಗಟ್ಟಿಯಾಗುತ್ತಂತೆ. ಇದರಲ್ಲಿ ನಷ್ಟ ಯಾರಿಗೆ?"

ಈ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡಲು ನಾವು ಸಿದ್ಧರಿಲ್ಲ. ಏಕೆಂದರೆ ಇದೇ ಮಾತನ್ನು ದೊಡ್ಡ ದೊಡ್ಡ ತೈಲ ಕಂಪನಿಗಳ ವಕ್ತಾರರು ವರ್ಷಾನುಗಟ್ಟಲೆ ಆಡಿದ್ದಾರೆ. ಶೆಟ್ಟರು ತಿಳಿಯದೆ ಕೇಳಿದರು. ಅವರು ತಿಳಿದೂ ಹೇಳಿದರು. ಅಮೆರಿಕದ ಎಕ್ಸಾನ್ ಕಂಪನಿಯ ಸ್ವಂತ ವಿಜ್ಞಾನಿಗಳು 1977ರಿಂದ ಮುಂದಕ್ಕೆ ಭೂಮಿ ಎಷ್ಟು ಬಿಸಿಯಾದೀತೆಂದು ಲೆಕ್ಕ ಹಾಕಿದ್ದರು. ಆ ಲೆಕ್ಕಗಳಲ್ಲಿ ಬಹುಪಾಲು ಸರಿಯಾಗಿದ್ದವೆಂದು 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಒಳಗೆ ಸರಿಯಾದ ಲೆಕ್ಕ, ಹೊರಗೆ ಜನರಿಗೆ ಸಂಶಯದ ಉಪದೇಶ! ಎರಡು ಖಾತೆ ಪುಸ್ತಕ ಇಡುವ ಸಾಹುಕಾರನನ್ನು ನಮ್ಮ ಸೀಮೆಯ ಜನ ಚೆನ್ನಾಗಿ ಬಲ್ಲರು.

ಆದ್ದರಿಂದ ಖಾತೆಯನ್ನೇ ಬಿಚ್ಚೋಣ.

ಮಂಜುಗಡ್ಡೆಗೂ ಸುಗ್ಗಿಯಿದೆ. ಉತ್ತರ ಧ್ರುವದಲ್ಲಿರುವುದು ಕಡಲು. ಅದರ ಸುತ್ತ ನೆಲ. ಅಲ್ಲಿಯ ಚಳಿಗಾಲವೆಲ್ಲ ಕಡಲಿನ ಮೇಲ್ಮೈ ಹೆಪ್ಪುಗಟ್ಟುತ್ತ ಹೋಗಿ, ನಮ್ಮ ಯುಗಾದಿಯ ಆಸುಪಾಸಿಗೆ, ಎಂದರೆ ಮಾರ್ಚ್ ತಿಂಗಳಲ್ಲಿ, ಮಂಜಿನ ಹಾಸು ಅತಿ ಹೆಚ್ಚು ಅಗಲವಾಗುತ್ತದೆ. ಆಮೇಲೆ ಕರಗುತ್ತ ಬಂದು ಗಣೇಶನ ಹಬ್ಬದ ಹೊತ್ತಿಗೆ, ಸೆಪ್ಟೆಂಬರಿನಲ್ಲಿ, ಅತಿ ಕಡಿಮೆಯಾಗುತ್ತದೆ. ದಕ್ಷಿಣ ಧ್ರುವದಲ್ಲಿ ಇದು ತಿರುವುಮುರುವು. ಅಲ್ಲಿ ನಡುವೆ ನೆಲ, ಸುತ್ತ ಕಡಲು. ಅಲ್ಲಿನ ಕಡಲ ಮಂಜು ಶಿವರಾತ್ರಿಯ ಸುಮಾರಿಗೆ ಕನಿಷ್ಠ, ಸೆಪ್ಟೆಂಬರಿಗೆ ಗರಿಷ್ಠ. ಹೀಗೆ ಏರಿಳಿಯುವುದು ಪ್ರಕೃತಿ ಧರ್ಮ. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಪ್ರಶ್ನೆ ಇರುವುದು ವರ್ಷದ ಕೊನೆಗೆ ಉಳಿಯುವ ಶಿಲ್ಕಿನಲ್ಲಿ.

1979ರಿಂದ ಈಚೆಗೆ ಕೃತಕ ಉಪಗ್ರಹಗಳು ಈ ಹಾಸನ್ನು ಬಿಡದೆ ಅಳೆಯುತ್ತಿವೆ. 1981ರಿಂದ 2010ರವರೆಗಿನ ಸರಾಸರಿಯಂತೆ ಉತ್ತರದಲ್ಲಿ ಸೆಪ್ಟೆಂಬರಿನ ಕನಿಷ್ಠ ಶಿಲ್ಕು ಸುಮಾರು 62 ಲಕ್ಷ ಚದರ ಕಿಲೋಮೀಟರ್. 2012ರ ಸೆಪ್ಟೆಂಬರಿನಲ್ಲಿ ಉಳಿದದ್ದು ಸುಮಾರು 34 ಲಕ್ಷ ಮಾತ್ರ. ಕಡಿಮೆ ಬಿದ್ದ ಅಗಲ ನಮ್ಮ ಇಡೀ ಭಾರತಕ್ಕಿಂತ ಸ್ವಲ್ಪವೇ ಚಿಕ್ಕದು. ಚಳಿಗಾಲಕ್ಕೆ ಎಲ್ಲವೂ ವಾಪಸು ಬರುತ್ತದೆಯಲ್ಲ ಎನ್ನುವವರಿಗೆ 2025ರ ಮಾರ್ಚ್ ಉತ್ತರ ಕೊಟ್ಟಿತು. ಆ ಸುಗ್ಗಿಯ ಗರಿಷ್ಠ 1 ಕೋಟಿ 43 ಲಕ್ಷ ಚದರ ಕಿಲೋಮೀಟರ್. ಅಲ್ಲಿಯವರೆಗಿನ ಉಪಗ್ರಹ ದಾಖಲೆಯ ಯಾವ ಚಳಿಗಾಲದಲ್ಲೂ ಗರಿಷ್ಠ ಅಷ್ಟು ಕೆಳಗಿರಲಿಲ್ಲ.

ದೀಪಾವಳಿಯ ದಿನ ತುಂಬಿದ ಅಂಗಡಿಯನ್ನು ತೋರಿಸಿ, "ನೋಡಿ, ನನಗೆ ನಷ್ಟವೇ ಇಲ್ಲ" ಎಂದು ಬ್ಯಾಂಕಿನವರಿಗೆ ಹೇಳಿದರೆ ನಂಬುತ್ತಾರೆಯೇ? ಆಷಾಢದಲ್ಲಿ ಗಲ್ಲಾಪೆಟ್ಟಿಗೆಯಲ್ಲಿ ಎಷ್ಟಿತ್ತೆಂದು ಕೇಳುತ್ತಾರೆ. ಹಮಾಲರಿಗೂ ಇದು ಗೊತ್ತು. ಸುಗ್ಗಿ ಬಂದಾಗ ಗಿರಣಿಯ ಗೇಟು ತೆರೆಯುತ್ತದೆ, ಮುಗಿದಾಗ ಮುಚ್ಚುತ್ತದೆ. ಅದು ಋತು. ಆದರೆ ವರ್ಷದಿಂದ ವರ್ಷಕ್ಕೆ ಗೇಟು ತೆರೆದಿರುವ ದಿನಗಳೇ ಕಡಿಮೆಯಾಗುತ್ತ ಬಂದರೆ ಅದನ್ನು ಋತು ಎನ್ನುವುದಿಲ್ಲ; ಗಿರಣಿ ಮುಳುಗುತ್ತಿದೆ ಎನ್ನುತ್ತಾರೆ. ಎಣ್ಣೆ ನಗರವೆಂದು ಹೆಸರಾದ ಚಳ್ಳಕೆರೆಯಲ್ಲಿ ಎಷ್ಟೋ ಗಿರಣಿಗಳ ಬಾಗಿಲಿಗೆ ಬೀಗ ಬಿದ್ದುದನ್ನು ಕಂಡವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಅಗಲದ ಮಾತಾಯಿತು, ದಪ್ಪದ ಮಾತು ಇನ್ನೂ ಕೆಟ್ಟದು. ಹಲವು ಬೇಸಿಗೆ ಕಳೆದು ಉಳಿದ ಹಳೆಯ ಮಂಜು ದಪ್ಪ, ಗಟ್ಟಿ. ಅದು ಮೂಲಧನ. ಒಂದೇ ಚಳಿಗಾಲದಲ್ಲಿ ಕಟ್ಟಿದ ಮಂಜು ತೆಳು. ಅದು ಅಂದಿನ ಚಿಲ್ಲರೆ. 1980ರ ದಶಕದ ನಡುವೆ ಉತ್ತರದ ಹಾಸಿನಲ್ಲಿ ನಾಲ್ಕು ವರ್ಷಕ್ಕೂ ಹಳೆಯ ಮಂಜು ನೂರಕ್ಕೆ 30ರ ಸುಮಾರಿಗೆ ಇತ್ತು. ಈಚಿನ ವರ್ಷಗಳಲ್ಲಿ ಅದು ನೂರಕ್ಕೆ 5ಕ್ಕೂ ಕೆಳಗೆ ಇಳಿದಿದೆ. ಚಳಿಗಾಲದಲ್ಲಿ ಮತ್ತೆ ಹಾಸು ತುಂಬಿತೆಂದು ಸಂತೋಷಪಡುವವರು ಮೂಲಧನ ಕರಗಿ ಚಿಲ್ಲರೆ ಉಳಿದಿರುವುದನ್ನು ಮುಚ್ಚಿಡುತ್ತಿದ್ದಾರೆ.

ದಕ್ಷಿಣದ ಕಥೆಯನ್ನು ಇವರು ಇನ್ನೊಂದು ಬಗೆಯಲ್ಲಿ ಬಳಸಿಕೊಂಡರು. 2014ರ ಸೆಪ್ಟೆಂಬರಿನಲ್ಲಿ ಅಂಟಾರ್ಕ್ಟಿಕದ ಸುತ್ತ ಮಂಜು 2 ಕೋಟಿ ಚದರ ಕಿಲೋಮೀಟರ್ ದಾಟಿ ದಾಖಲೆ ಮಾಡಿತು. "ಕಂಡಿರಾ, ಹೆಚ್ಚಾಗುತ್ತಿದೆ" ಎಂದು ಡಂಗುರ ಹೊಡೆದರು. 2016ರಿಂದ ಅದು ಜರ್ರನೆ ಇಳಿಯಿತು. 2023ರ ಫೆಬ್ರವರಿಯಲ್ಲಿ ಉಳಿದದ್ದು 18 ಲಕ್ಷಕ್ಕೂ ಕಡಿಮೆ. ಆ ವರ್ಷದ ಗರಿಷ್ಠವೂ 1 ಕೋಟಿ 70 ಲಕ್ಷ ಮುಟ್ಟಲಿಲ್ಲ. ಎರಡೂ ದಾಖಲೆಯ ಕುಸಿತ. ಆಗ ಡಂಗುರದವರು ಎಲ್ಲಿದ್ದರು?

ಕರಗಿದರೆ ಆಗುವುದೇನು? ತೇಲುವ ಮಂಜು ಕರಗಿದ ಮಾತ್ರಕ್ಕೆ ಕಡಲು ಉಕ್ಕುವುದಿಲ್ಲ. ಉಕ್ಕಿಸುವುದು ನೆಲದ ಮೇಲಿನ ಮಂಜು ಮತ್ತು ಬಿಸಿಯಾಗಿ ಹಿಗ್ಗುವ ನೀರು. ಈ ಸತ್ಯವನ್ನು ನಾವೇ ಮೊದಲು ಹೇಳಿಬಿಡುತ್ತೇವೆ. ಕೇಡು ಇರುವುದು ಬೇರೆ ಕಡೆ. ಏಪ್ರಿಲ್ ಬಿಸಿಲಿನಲ್ಲಿ ಬಿಳಿ ಪಂಚೆ ಹೊದ್ದು ನಿಲ್ಲಿ. ಆಮೇಲೆ ಚಳ್ಳಕೆರೆಯ ಕರಿ ಕಂಬಳಿ ಹೊದ್ದು ನಿಲ್ಲಿ. ವ್ಯತ್ಯಾಸ ಬೆನ್ನಿಗೇ ತಿಳಿಯುತ್ತದೆ. ಹಿಮ ಕವಿದ ಮಂಜುಗಡ್ಡೆ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಬಹುಪಾಲನ್ನು ಆಕಾಶಕ್ಕೆ ಹಿಂದಕ್ಕೆ ಕಳಿಸುತ್ತದೆ; ತೆರೆದ ಕಡಲು ನೂರಕ್ಕೆ 90ಕ್ಕೂ ಹೆಚ್ಚನ್ನು ಕುಡಿದುಬಿಡುತ್ತದೆ. ಭೂಮಿತಾಯಿಯ ನೆತ್ತಿಯ ಮೇಲಿದ್ದ ಬಿಳಿ ಸೆರಗನ್ನು ಎಳೆದು ಕರಿ ಕಂಬಳಿ ಹೊದಿಸುತ್ತಿದ್ದಾರೆ. ಬಿಸಿ ಕುಡಿದ ಕಡಲು ಇನ್ನಷ್ಟು ಮಂಜನ್ನು ಕರಗಿಸುತ್ತದೆ. ಸಾಲಕ್ಕೆ ಬಡ್ಡಿ, ಬಡ್ಡಿಗೆ ಚಕ್ರಬಡ್ಡಿ.

ಈ ಸಾಲ ಮಾಡಿದವರು ಯಾರು? 2016ರಲ್ಲಿ ಡಿರ್ಕ್ ನೋಟ್ಜ್ ಮತ್ತು ಜೂಲಿಯನ್ ಸ್ಟ್ರೋವ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಲೆಕ್ಕವನ್ನು ಪ್ರಕಟಿಸಿದರು. ಕಲ್ಲಿದ್ದಲು, ಪೆಟ್ರೋಲು ಸುಟ್ಟು ಒಂದು ಟನ್ ಇಂಗಾಲಾಮ್ಲವನ್ನು ಗಾಳಿಗೆ ಬಿಟ್ಟರೆ ಉತ್ತರದ ಸೆಪ್ಟೆಂಬರ್ ಮಂಜಿನಲ್ಲಿ ಸುಮಾರು 3 ಚದರ ಮೀಟರ್ ಇಲ್ಲವಾಗುತ್ತದೆ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್. ಎಂದರೆ 6 ಚದರ ಮೀಟರ್. ಮಗ್ಗದ ಬಂಧುಗಳೇ, ಅದು ನೀವು ನೇಯುವ ಒಂದು ಮೊಳಕಾಲ್ಮೂರು ಸೀರೆಯ ಅಗಲ! ಅಮೆರಿಕದಲ್ಲಿ ತಲೆಗೆ 14 ಟನ್ನಿನ ಆಸುಪಾಸು. ಅಂದರೆ ಒಬ್ಬೊಬ್ಬನೂ ವರ್ಷಕ್ಕೆ ಏಳು ಸೀರೆ. ಯಂತ್ರಯುಗ ಆರಂಭವಾದಂದಿನಿಂದ ಜಗತ್ತು ಗಾಳಿಗೆ ಬಿಟ್ಟ ಇಂಗಾಲಾಮ್ಲದಲ್ಲಿ ಸುಮಾರು ಕಾಲು ಭಾಗ ಆ ಒಂದೇ ದೇಶದ್ದು.

ನಮ್ಮ ದೇಶದೊಳಗೂ ಸರಾಸರಿ ಎಂಬುದು ಒಂದು ಮುಸುಕು. ಹಮಾಲನ ಪಾಲು ಸೀರೆಯ ಸೆರಗಾದರೆ, ವಿಮಾನದಲ್ಲೇ ಓಡಾಡುವ ಧಣಿಯ ಪಾಲು ಸೀರೆಯ ಅಂಗಡಿ ಎನ್ನಬೇಕು. ಇಬ್ಬರನ್ನೂ ಕೂಡಿಸಿ ಭಾಗಿಸಿ, "ಎಲ್ಲರೂ ತ್ಯಾಗ ಮಾಡೋಣ" ಎಂದು ಉಪದೇಶಿಸುವವರ ಮಾತನ್ನು ನಾವು ಒಪ್ಪುವುದಿಲ್ಲ.

ಬರ ಬಂದಾಗ ಬಡ್ಡಿ ವ್ಯಾಪಾರಿ ಹಿಗ್ಗುತ್ತಾನೆ. ಹಾಗೆಯೇ ಈ ಕರಗುವಿಕೆಯಲ್ಲಿ ಹಿಗ್ಗುವವರೂ ಇದ್ದಾರೆ. 2017ರಲ್ಲಿ ಅನಿಲ ತುಂಬಿದ ರಷ್ಯದ ಹಡಗೊಂದು ಮಂಜು ಒಡೆಯುವ ಹಡಗಿನ ಬೆಂಗಾವಲಿಲ್ಲದೆ ನಾರ್ವೆಯಿಂದ ದಕ್ಷಿಣ ಕೊರಿಯಕ್ಕೆ 19 ದಿನಗಳಲ್ಲಿ ಉತ್ತರದ ಕಡಲಿನ ಮೂಲಕವೇ ತಲುಪಿತು. ಹೊಸ ಹಾದಿ ತೆರೆಯಿತೆಂದು ಕಂಪನಿಗಳು ಸಂಭ್ರಮಿಸಿದವು. ಜಗತ್ತಿನಲ್ಲಿ ಇನ್ನೂ ಪತ್ತೆಯಾಗದ ತೈಲದ ನೂರಕ್ಕೆ 13, ಅನಿಲದ ನೂರಕ್ಕೆ 30 ಪಾಲು ಆ ಪ್ರದೇಶದಲ್ಲಿರಬಹುದೆಂದು ಅಮೆರಿಕದ ಭೂವಿಜ್ಞಾನ ಇಲಾಖೆ 2008ರಲ್ಲೇ ಅಂದಾಜು ಮಾಡಿದೆ. ತೈಲ ಸುಟ್ಟು ಮಂಜು ಕರಗಿಸುವುದು, ಕರಗಿದ ಜಾಗದಲ್ಲಿ ಮತ್ತೆ ತೈಲ ತೋಡುವುದು! ಇದಕ್ಕಿಂತ ದೊಡ್ಡ ನಿರ್ಲಜ್ಜತನ ಉಂಟೇ?

ಇನ್ನು ಶೆಟ್ಟರ ಮೊದಲ ಮಾತು: ನಮ್ಮ ಕೆರೆಗೂ ಆ ಮಂಜಿಗೂ ಏನು ಸಂಬಂಧ? ಉತ್ಪ್ರೇಕ್ಷೆ ಮಾಡಿ ಜನರನ್ನು ಹೆದರಿಸುವುದು ನಮ್ಮ ಕೆಲಸವಲ್ಲ. ಬರ ಈ ಸೀಮೆಗೆ ಹೊಸದಲ್ಲ. 1876-78ರ ಧಾತು ಈಶ್ವರ ಬರದಲ್ಲಿ ಮೈಸೂರು ಸೀಮೆ ಲಕ್ಷಾಂತರ ಜನರನ್ನು ಕಳೆದುಕೊಂಡಿತು. ಆದರೆ ಮಳೆಗಾಳಿ ಗಡಿ ಅರಿಯದು. ಗೋವಾದ ವಾಸ್ಕೋದಲ್ಲಿರುವ ನಮ್ಮದೇ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2021ರಲ್ಲಿ ಒಂದು ಸಂಬಂಧದ ಸಾಧ್ಯತೆಯನ್ನು ತೋರಿಸಿದರು. ಬೇಸಿಗೆಯಲ್ಲಿ ರಷ್ಯದ ಉತ್ತರಕ್ಕಿರುವ ಕಾರಾ ಕಡಲಿನ ಮಂಜು ಕಡಿಮೆಯಾದರೆ ಯೂರೋಪಿನ ಮೇಲಿನ ಗಾಳಿಯ ಒತ್ತಡ ಬದಲಾಗಿ, ಆ ಅಲೆ ಏಷ್ಯದವರೆಗೆ ಹಬ್ಬಿ, ಬಿಸಿಯೇರಿದ ಅರಬ್ಬೀ ಸಮುದ್ರದ ತೇವವೂ ಕೂಡಿಕೊಂಡು ಮಧ್ಯ ಭಾರತದಲ್ಲಿ ಮುಂಗಾರಿನ ಕೊನೆಗೆ ವಿಪರೀತ ಮಳೆ ಸುರಿಯಬಹುದು ಎಂಬುದು ಅವರ ವಾದ. ನಮ್ಮ ತಾಲ್ಲೂಕಿನ ಮಳೆಗೆ ಇದೇ ಕಾರಣವೆಂದು ಅವರು ಹೇಳಿಲ್ಲ, ನಾವೂ ಹೇಳುವುದಿಲ್ಲ. ಆದರೆ ಮಂಜನ್ನು ಕರಗಿಸುವ ಬಿಸಿಯೇ ಕಡಲನ್ನೂ ಕಾಯಿಸುತ್ತಿದೆ, ಮಳೆಯ ಹದವನ್ನೂ ಕೆಡಿಸುತ್ತಿದೆ. ಒಂದೇ ಒಲೆ, ಎರಡು ಪಾತ್ರೆ.

ಆ ಹದಗೆಟ್ಟ ಮಳೆ ಬಂದರೆ ಬಡವನ ಮನೆ ಏನಾಗುತ್ತದೆಂಬುದನ್ನು ನಾವು ಕಂಡಿದ್ದೇವೆ. 1933ರಲ್ಲಿ ಕೋಡಿ ಬಿದ್ದಿದ್ದ ಮಾರಿಕಣಿವೆ 89 ವರ್ಷಗಳ ಮೇಲೆ 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಬಿತ್ತು. ಹೆಣ್ಣುಮಕ್ಕಳು ಬಾಗಿನ ಬಿಟ್ಟರು, ನಾವೂ ಸಂತೋಷಪಟ್ಟೆವು. ಆದರೆ ಅಂಥ ಮಳೆಯಲ್ಲಿ ಶೇಂಗಾ ಹೊಲದಲ್ಲೇ ಮೊಳೆಯುತ್ತದೆ, ಮಗ್ಗದ ಗುಂಡಿಯಲ್ಲಿ ನೀರು ಒಸರುತ್ತದೆ, ಹಮಾಲನಿಗೆ ಕೂಲಿ ತಪ್ಪುತ್ತದೆ. ಮರು ವರ್ಷವೇ, 2023ರ ಆಗಸ್ಟ್, 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಯಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಿದರು. ರಾಜ್ಯ 18,171 ಕೋಟಿ ರೂಪಾಯಿ ಪರಿಹಾರ ಕೇಳಿತು. ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಮೇಲೆ 2024ರ ಏಪ್ರಿಲಿನಲ್ಲಿ ಮಂಜೂರಾದದ್ದು ಸುಮಾರು 3,454 ಕೋಟಿ. ಐದರಲ್ಲಿ ಒಂದು ಪಾಲೂ ಅಲ್ಲ! ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿಗಾಗಿಯೂ ಈ ಜಿಲ್ಲೆಯ ಜನ ಬೀದಿಗಿಳಿಯಬೇಕಾಯಿತು.

ಹಾಗಾದರೆ ಸರ್ಕಾರಕ್ಕೆ ಕಣ್ಣಿಲ್ಲವೇ? ಧಾರಾಳವಾಗಿ ಇದೆ. ಅಂಟಾರ್ಕ್ಟಿಕದಲ್ಲಿ ನಮ್ಮ ಮೈತ್ರಿ, ಭಾರತಿ ಠಾಣ್ಯಗಳಿವೆ. ಉತ್ತರದಲ್ಲಿ 2008ರಿಂದ ಹಿಮಾದ್ರಿ ಇದೆ. ಇಸ್ರೋ ಹಾರಿಸಿದ ಓಷನ್‌ಸ್ಯಾಟ್-2, ಸ್ಕ್ಯಾಟ್‌ಸ್ಯಾಟ್-1 ಉಪಗ್ರಹಗಳು ಧ್ರುವದ ಮಂಜಿನ ಅಂಚನ್ನು ಗುರುತಿಸಿವೆ. ಇದೆಲ್ಲ ಹೆಮ್ಮೆಯ ಕೆಲಸವೇ. ವಿಜ್ಞಾನದ ಮೇಲೆ ನಮಗೆ ದ್ವೇಷವಿಲ್ಲ. ಆದರೆ ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳ ಸಾವಿರಾರು ಎಕರೆ ಹುಲ್ಲುಗಾವಲನ್ನು ಇದೇ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಟ್ಟಾಗ ಕುರಿ ದನ ಮೇಯಿಸುವವರನ್ನು ಕೇಳಿದವರು ಯಾರು? ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ನೆಲದಂಥ ಗುಂಡಿಗಳನ್ನು ತೋಡಿ ಚಂದ್ರಯಾನದ ಯಂತ್ರವನ್ನು ಪರೀಕ್ಷಿಸಿದರು. ಚಂದ್ರನ ಗುಂಡಿಗೆ ನಮ್ಮ ನೆಲ ಬೇಕು. ನಮ್ಮ ನೆಲದ ಕೃಷಿ ಹೊಂಡಕ್ಕೆ ಹಣವಿಲ್ಲ! ಧ್ರುವದ ಮಂಜು ಕಾಣುವ ಕಣ್ಣಿಗೆ ಹಾನಗಲ್ಲಿನ, ರಾಂಪುರದ ಒಣಗಿದ ಹೊಲ ಕಾಣುವುದಿಲ್ಲವೆಂದರೆ ದೋಷ ಕಣ್ಣಿನದಲ್ಲ, ಕಣ್ಣನ್ನು ತಿರುಗಿಸುವ ಕೈಯದು.

ನಮ್ಮ ಬೇಡಿಕೆಗಳು ಸರಳವಾಗಿವೆ.

ಒಂದು: ಗ್ರಾಮ ಪಂಚಾಯಿತಿಗಳಲ್ಲಿ ನಿಲ್ಲಿಸಿರುವ ಮಳೆಮಾಪಕದ ಅಂಕಿಯನ್ನು ದಿನದಿನವೂ ಪಂಚಾಯಿತಿಯ ಗೋಡೆಯ ಮೇಲೆ ಬರೆಯಬೇಕು. ಬೆಳೆ ವಿಮೆಯವರು ಪರಿಹಾರ ನಿರಾಕರಿಸಿದರೆ ಯಾವ ಅಂಕಿಯ ಮೇಲೆಂದು ಬರಹದಲ್ಲಿ ತಿಳಿಸಬೇಕು.

ಎರಡು: ನಮ್ಮ ಕಾವಲಿನಲ್ಲಿ ನೆಲೆಸಿದ ವಿಜ್ಞಾನ ಸಂಸ್ಥೆಗಳು ಈ ಎರಡು ತಾಲ್ಲೂಕುಗಳ ಹವಾಮಾನದ ವರದಿಯನ್ನು ಪ್ರತಿ ಮುಂಗಾರಿಗೆ ಮೊದಲು ಕನ್ನಡದಲ್ಲಿ, ಜನರ ಎದುರು ಮಂಡಿಸಬೇಕು.

ಮೂರು: ಮಳೆ, ಬಿಸಿಲಿನಿಂದ ಮಗ್ಗ ನಿಂತ ದಿನಗಳಿಗೂ ಗಿರಣಿ ನಿಂತ ದಿನಗಳಿಗೂ ಕೂಲಿ ಪರಿಹಾರ ಬೇಕು. ರೈತನ ಬರಕ್ಕೆ ಪಟ್ಟಿಯಿದೆ. ಕೂಲಿಕಾರನ ಬರಕ್ಕೆ ಪಟ್ಟಿಯೇ ಇಲ್ಲ.

ನಾಲ್ಕು: ಕಲ್ಲಿದ್ದಲು ಕಡಿಮೆಯಾಗಲೇಬೇಕು. ಆದರೆ ಪಕ್ಕದ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ದುಡಿಯುವವನ ಅನ್ನ ಕಿತ್ತು ಅಲ್ಲ. ನಮ್ಮ ಜಿಲ್ಲೆಯ ಬೆಟ್ಟಗಳ ಮೇಲೆ ತಿರುಗುವ ಗಾಳಿಯಂತ್ರಗಳ ಲಾಭದಲ್ಲಿ ಬೆಟ್ಟದ ಕೆಳಗಿನ ಹಳ್ಳಿಗೂ ಪಾಲಿರಬೇಕು.

ಐದು: ಶ್ರೀಮಂತ ರಾಷ್ಟ್ರಗಳು ಬಾಕಿ ತೀರಿಸಬೇಕು. 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆಂದು 2009ರಲ್ಲಿ ಕೋಪನ್‌ಹೇಗನ್ನಿನಲ್ಲಿ ಮಾತು ಕೊಟ್ಟು, 2022ರವರೆಗೆ ಎಳೆದಾಡಿದ ಸಾಲಗಾರರು ಇವರು. ಹತ್ತು ದಿನ ತಡವಾದರೆ ನೇಕಾರನ ಮನೆಯ ಪಾತ್ರೆ ಎತ್ತಿಕೊಂಡು ಹೋಗುವ ಈ ಲೋಕದಲ್ಲಿ ಅವರಿಗೊಂದು ನ್ಯಾಯವೇ?

ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿ ಬಂಡೆಯ ಮೇಲೆ ಕೊರೆಸಿದ ಶಾಸನವಿದೆ. ಅರಸನಾದವನು ಪ್ರಜೆಗೆ ಹೇಳಬೇಕಾದುದನ್ನು ಬಯಲಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ಬರೆಸಿದ. ಎರಡು ಸಾವಿರದ ಇನ್ನೂರು ವರ್ಷಗಳ ಮೇಲೂ ಅದು ನಿಂತಿದೆ. ಇಂದಿನ ಆಳುವವರು ಮಳೆಯ ಒಂದು ಅಂಕಿಯನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸಲಾರರೇ?

ಅಂದು ಹೋಟೆಲಿನಿಂದ ಏಳುವಾಗ ಶೆಟ್ಟರು ನಗಲಿಲ್ಲ. "ಹಂಗಾದ್ರೆ ಮೇಷ್ಟ್ರೇ, ನಾವು ಮಾಡದ ಸಾಲಕ್ಕೆ ನಾವು ಜಾಮೀನು ನಿಂತಂಗಾಯ್ತಲ್ಲ" ಎಂದರು. ಹೌದು ಶೆಟ್ಟರೇ, ನಮ್ಮನ್ನು ಕೇಳದೆಯೇ ನಮ್ಮ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ. ಆ ಪತ್ರವನ್ನು ಹರಿಯುವ ಕೆಲಸಕ್ಕೆ ಮಗ್ಗ, ಗಿರಣಿ, ಅಂಗಡಿ, ಹೊಲ ಎಲ್ಲವೂ ಒಟ್ಟಿಗೆ ಕೈಹಾಕಬೇಕು.