ಎಲ್ಲರ ತಲೆಗೂ ಒಂದೇ ಸುಂಕವೇ?



ವಿಮಾನದ ವಿಚಾರ ಲೈನ್ ಮನೆಗಳಲ್ಲಿರುವವರಿಗೆ ಯಾಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಇಪ್ಪತ್ತೈದು ವರ್ಷಗಳ ಹಿಂದೆ ಆಗಿದ್ದರೆ ನಾವೂ ಹಾಗೆಯೇ ಕೇಳುತ್ತಿದ್ದೆವು. ಈಗ ಹಿಂದೂಪುರ, ಕಲ್ಯಾಣದುರ್ಗ ಕಡೆಯ ಹೆಣ್ಣುಮಕ್ಕಳು ಮನೆಗೆಲಸಕ್ಕೆಂದು ಕುವೈತಿಗೆ ಹೋಗುತ್ತಾರೆ, ಗಂಡುಮಕ್ಕಳು ಡ್ರೈವರ್ ಕೆಲಸಕ್ಕೆಂದು ಕೊಲ್ಲಿ ದೇಶಗಳಿಗೆ ಹೋಗುತ್ತಾರೆ. ಮಲೆನಾಡಿನ ಎಸ್ಟೇಟುಗಳಲ್ಲಿ ನಿಮ್ಮ ಪಕ್ಕದ ಲೈನಿನಲ್ಲೇ ಅಸ್ಸಾಮಿನ ಕುಟುಂಬವೊಂದು ಇರಬಹುದು. ಊರಿನಲ್ಲಿ ಸಾವಾಯಿತೆಂದು ಸುದ್ದಿ ಬಂದರೆ ರೈಲಿನಲ್ಲಿ ದಿನಗಟ್ಟಲೆ ಕೂರುವ ಹಾಗಿಲ್ಲ. ಸಾಲ ಮಾಡಿಯಾದರೂ ವಿಮಾನ ಹತ್ತುತ್ತಾರೆ. ನಮ್ಮ ಕಡೆಯವರಿಗೆ ವಿಮಾನವೆಂದರೆ ದೇವನಹಳ್ಳಿ. ಹಿಂದೂಪುರದವರು ಗೌರಿಬಿದನೂರು, ದೊಡ್ಡಬಳ್ಳಾಪುರದ ದಾರಿ ಹಿಡಿಯುತ್ತಾರೆ, ಕಲ್ಯಾಣದುರ್ಗದವರು ಪಾವಗಡದ ಮೇಲೆ ಬರುತ್ತಾರೆ.

ಹೋದ ವರ್ಷ ನಮ್ಮ ಸಭೆಯ ಒಬ್ಬ ತಾಯಿ ಬಡ್ಡಿಗೆ ಹಣ ತಂದು ಮಗಳಿಗೆ ಟಿಕೆಟು ಕೊಂಡರು. ಹೊರಡುವ ದಿನವೇ ಹುಡುಗಿಗೆ ಜ್ವರ ಬಂತು, ಪ್ರಯಾಣ ತಪ್ಪಿತು. ಟಿಕೆಟು ಮಾಡಿಕೊಟ್ಟವನು, ಇದು ಅಗ್ಗದ ಟಿಕೆಟು, ಬಿಡಿಗಾಸೂ ಹಿಂದೆ ಬರುವುದಿಲ್ಲ ಎಂದುಬಿಟ್ಟ. ಆ ಕಾಗದವನ್ನು ಅವರು ನಮ್ಮ ಕೈಗೆ ಕೊಟ್ಟರು. ಬೆಳಕಿಗೆ ಹಿಡಿದು ಓದಿದಾಗ, ಅವರು ಕೊಟ್ಟ ಹಣವೆಲ್ಲ ವಿಮಾನ ಕಂಪನಿಯ ಬಾಡಿಗೆಯಲ್ಲ ಎಂಬುದು ತಿಳಿಯಿತು. ಕೆಳಗೆ ಸಣ್ಣ ಅಕ್ಷರದಲ್ಲಿ ಬಳಕೆದಾರರ ಅಭಿವೃದ್ಧಿ ಶುಲ್ಕವೆಂದು ಒಂದು ಸಾಲು (ಇದನ್ನೇ ಯು.ಡಿ.ಎಫ್. ಎನ್ನುತ್ತಾರೆ), ಭದ್ರತಾ ಶುಲ್ಕವೆಂದು ಇನ್ನೊಂದು ಸಾಲು. ಇವನ್ನು ಕಂಪನಿ ಬೇರೆಯವರಿಗೋಸ್ಕರ ನಮ್ಮಿಂದ ಕೂಡಿಸಿಕೊಳ್ಳುತ್ತದೆ. ನಾವು ವಿಮಾನ ಹತ್ತದಿದ್ದರೆ ಅದು ನಮಗೆ ಹಿಂದಿರುಗಬೇಕು. ಎಂಥ ಅಗ್ಗದ ಟಿಕೆಟಾದರೂ ಸರಿ, ಈ ಶುಲ್ಕಗಳನ್ನು ಹಿಂದೆ ಕೊಡಲೇಬೇಕೆಂದು ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮವಿದೆ. ಮೂರು ಸಲ ಬರೆದ ಮೇಲೆ ಹಣ ಬಂತು. ದೊಡ್ಡ ಮೊತ್ತವೇನಲ್ಲ, ಮೂರು ನಾಲ್ಕು ದಿನದ ಕೂಲಿ. ಆದರೆ ಅಂದಿನಿಂದ ಈ ಸಣ್ಣ ಅಕ್ಷರ ನಮ್ಮ ತಲೆಯಲ್ಲಿ ಕೊರೆಯುತ್ತಿದೆ.

ಹಿಂದಿನದನ್ನು ಸ್ವಲ್ಪ ನೆನೆಯೋಣ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ನಡೆಸಲು ತೊಡಗಿದಾಗ, ಸಾಮಾನ್ಯನೂ ವಿಮಾನ ಹತ್ತಬಹುದೆಂಬ ಮಾತು ಮೊದಲ ಬಾರಿಗೆ ಕೇಳಿಬಂತು. ಊಟವಿಲ್ಲ, ಉಪಚಾರವಿಲ್ಲ, ಸೀಟು ಮಾತ್ರ. ಸರ್ಕಾರವೂ 2004ರಲ್ಲಿ, 80ಕ್ಕಿಂತ ಕಡಿಮೆ ಸೀಟಿನ ವಿಮಾನಗಳು ದೇಶದೊಳಗೆ ಹಾರಿದರೆ ಇಳಿಯುವ ಶುಲ್ಕ ಬೇಡವೆಂದಿತು. ಆಗ ಬೆಂಗಳೂರಿನಲ್ಲಿ ಎಚ್.ಎ.ಎಲ್. ನಿಲ್ದಾಣವಿತ್ತು. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆಯಿತು, ಹಳೆಯದು ಸಾಮಾನ್ಯ ಪ್ರಯಾಣಿಕರಿಗೆ ಮುಚ್ಚಿತು. ಹಳೆಯ ನಿಲ್ದಾಣಗಳನ್ನು ಮುಚ್ಚಬೇಡಿರೆಂದು ಅದೇ ಮಾರ್ಚ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ನೌಕರರು ಮುಷ್ಕರ ಹೂಡಿದ್ದರು. ಸಂಘದಲ್ಲಿರುವವರು ಇದನ್ನು ಮರೆಯಬಾರದು. ಹೊಸ ನಿಲ್ದಾಣದೊಂದಿಗೆ ಹೊಸ ಶುಲ್ಕವೂ ಬಂತು. ಹೊರದೇಶಕ್ಕೆ ಹೋಗುವವರಿಗೆ ತಲೆಗೆ 1,070 ರೂಪಾಯಿ. 2009ರ ಜನವರಿಯಿಂದ ದೇಶದೊಳಗೆ ಹೋಗುವವರಿಗೂ 260 ರೂಪಾಯಿ. ಆಮೇಲೆ ಈ ದರಗಳು ಹಲವು ಸಲ ಬದಲಾಗಿವೆ. ಬದಲಾಗದೆ ಉಳಿದದ್ದು ತಲೆ ಎಣಿಸುವ ಪದ್ಧತಿ.

ಅಗ್ಗದ ವಿಮಾನ ಕಂಪನಿ ಊಟ ಬಿಡಬಹುದು, ಒಂದೇ ಬಗೆಯ ವಿಮಾನ ಇಟ್ಟುಕೊಂಡು ರಿಪೇರಿಯ ಖರ್ಚು ಉಳಿಸಬಹುದು, ಇಳಿದ ಅರ್ಧ ಗಂಟೆಯೊಳಗೆ ಮತ್ತೆ ಹಾರಿಸಬಹುದು. ನಿಲ್ದಾಣದ ಶುಲ್ಕವನ್ನು ಮಾತ್ರ ಅದು ಇಳಿಸಲಾರದು. ಎರಡು ಸಾವಿರದ ಟಿಕೆಟಿಗೂ ಇಪ್ಪತ್ತು ಸಾವಿರದ ಟಿಕೆಟಿಗೂ ಶುಲ್ಕ ಒಂದೇ ಆದರೆ ಭಾರ ಯಾರ ಹೆಗಲ ಮೇಲೆ? ಲೆಕ್ಕ ಬರದವನಿಗೂ ಇದು ಗೊತ್ತಾಗುತ್ತದೆ.

ಈ ಶುಲ್ಕವನ್ನು ನಿಗದಿ ಮಾಡುವುದು ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ. 2008ರ ಕಾಯಿದೆಯಂತೆ ಏರ್ಪಟ್ಟಿತು. ನಿಲ್ದಾಣ ನಡೆಸುವ ಕಂಪನಿ ಕಟ್ಟಡಕ್ಕೆ ಎಷ್ಟು ಹಾಕಿತು, ನಡೆಸಲು ಎಷ್ಟು ತಗಲುತ್ತದೆ, ಬಂಡವಾಳಕ್ಕೆ ಎಷ್ಟು ಲಾಭ ನ್ಯಾಯ ಎಂದು ಐದೈದು ವರ್ಷಕ್ಕೊಮ್ಮೆ ಲೆಕ್ಕ ಹಾಕಿ, ಅದನ್ನು ವಿಮಾನಗಳ ಮೇಲೂ ಪ್ರಯಾಣಿಕರ ಮೇಲೂ ಹಂಚುತ್ತಾರೆ. ದೇವನಹಳ್ಳಿಯ ಎರಡನೆಯ ಟರ್ಮಿನಲ್ 2022ರ ನವೆಂಬರ್ 11ರಂದು ಉದ್ಘಾಟನೆಯಾಯಿತು. ಸುಮಾರು 5,000 ಕೋಟಿಯ ಕಟ್ಟಡ. ಚಾವಣಿಗೆ ಬಿದಿರು, ಒಳಗೆ ತೂಗುವ ತೋಟ. ನೋಡಲು ಚೆನ್ನಾಗಿದೆ, ಅದನ್ನು ಯಾಕೆ ಅಲ್ಲಗಳೆಯಬೇಕು? ಆದರೆ ಆ ಬಿದಿರಿನ ಖರ್ಚೂ ಈ ಲೆಕ್ಕದೊಳಗೇ ಬರುತ್ತದೆ. ಒಳಗಿನ ಅಂಗಡಿಗಳ ಬಾಡಿಗೆಯಂಥ ಆದಾಯದಲ್ಲಿ ನಮ್ಮ ಶುಲ್ಕ ತಗ್ಗಿಸಲು ಹಿಡಿಯುವುದು ನೂರಕ್ಕೆ 30 ಮಾತ್ರ. 2016ರ ವಿಮಾನಯಾನ ನೀತಿ ಹಾಗೆ ಹೇಳುತ್ತದೆ. ಅಷ್ಟಲ್ಲದೆ 150 ಕಿಲೋಮೀಟರ್ ಸುತ್ತಿನಲ್ಲಿ, ಮೈಸೂರು ಹಾಸನ ಬಿಟ್ಟು, ಇನ್ನೊಂದು ಅಂತಾರಾಷ್ಟ್ರೀಯ ನಿಲ್ದಾಣವನ್ನು 25 ವರ್ಷ ಬೆಳೆಸುವುದಿಲ್ಲವೆಂದು ಸರ್ಕಾರ ಒಪ್ಪಂದದಲ್ಲಿ ಬರೆದುಕೊಟ್ಟಿದೆ. ಅಂದರೆ ಹಿಂದೂಪುರದ ಹೆಣ್ಣುಮಗಳು ಈ ಅಂಗಡಿ ದುಬಾರಿಯೆಂದು ಎದುರಿನ ಅಂಗಡಿಗೆ ಹೋಗುವ ಹಾಗಿಲ್ಲ.

ಬೇರೆ ದಾರಿ ಇಲ್ಲದಿಲ್ಲ. ಸಿಂಗಪುರದಲ್ಲಿ 2006ರಲ್ಲಿ ಅಗ್ಗದ ವಿಮಾನಗಳಿಗೆಂದೇ ಒಂದು ಸರಳ ಟರ್ಮಿನಲ್ ಕಟ್ಟಿದರು. ವಿಮಾನಕ್ಕೆ ಸೇತುವೆಯಿಲ್ಲ, ನಡೆದುಹೋಗಿ ಮೆಟ್ಟಿಲು ಹತ್ತಬೇಕು. ದೊಡ್ಡ ಟರ್ಮಿನಲ್‌ನಲ್ಲಿ 21 ಡಾಲರ್ ಶುಲ್ಕವಿದ್ದಾಗ ಅಲ್ಲಿ 13. ಕೌಲಾಲಂಪುರದಲ್ಲೂ ಅದೇ ವರ್ಷ ಅಂಥದೊಂದು ತೆರೆಯಿತು. ನಿಜ ಹೇಳಬೇಕೆಂದರೆ ಎರಡೂ ಈಗಿಲ್ಲ: ಸಿಂಗಪುರದ್ದು 2012ರಲ್ಲಿ, ಮಲೇಶಿಯಾದ್ದು 2014ರಲ್ಲಿ ಮುಚ್ಚಿ, ದೊಡ್ಡವಕ್ಕೆ ಜಾಗ ಬಿಟ್ಟವು. ಆದುದರಿಂದ ಬೇರೆ ಕಟ್ಟಡವೇ ಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಬಡವರಿಗೊಂದು ಷೆಡ್ಡು, ಸಾಹುಕಾರರಿಗೊಂದು ಅರಮನೆ ಎಂಬ ವ್ಯವಸ್ಥೆಯನ್ನು ನಾವು ಎಸ್ಟೇಟಿನಲ್ಲೇ ಸಾಕಷ್ಟು ನೋಡಿದ್ದೇವೆ. ನಾವು ಕೇಳುವುದು ದರದ ಮಾತು.

ಭಾನುವಾರದ ಕೂಟದಲ್ಲಿ ಇದನ್ನೆತ್ತಿದಾಗ ಹಿರಿಯರೊಬ್ಬರು, ವಿಮೋಚನಕಾಂಡದಲ್ಲಿ ಐಶ್ವರ್ಯವಂತನಿಗೂ ಬಡವನಿಗೂ ಅರ್ಧ ಶೆಕೆಲ್ ಎಂದು ಒಂದೇ ಕಾಣಿಕೆ ಇಟ್ಟಿಲ್ಲವೇ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ, ಆ ಹೊತ್ತಿಗೆ ನಮಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಓದಿದೆವು. ಅದು ಪ್ರಾಣಕ್ಕೆ ಕೊಡುವ ಈಡು, ದೇವರ ಮುಂದೆ ಎಲ್ಲರ ಪ್ರಾಣವೂ ಒಂದೇ. ಆದರೆ ಬಾಣಂತಿಯ ಶುದ್ಧಿಯ ಕಾಣಿಕೆಗೆ ಯಾಜಕಕಾಂಡವು ಕುರಿಮರಿಯನ್ನು ಹೇಳಿ, ಕುರಿಗೆ ಗತಿಯಿಲ್ಲದವಳಿಗೆ ಎರಡು ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿ ಸಾಕೆಂದಿತು. ಮರಿಯಳೂ ಯೋಸೇಫನೂ ಯೆರೂಸಲೇಮಿಗೆ ಹೋದಾಗ ಈ ಬಡವರ ದರದಲ್ಲೇ ಕೊಟ್ಟರೆಂಬುದು ಲೂಕನ ಸುವಾರ್ತೆಯಿಂದ ತಿಳಿಯುತ್ತದೆ. ಬಾಗಿಲು ಒಂದೇ, ಆಲಯ ಒಂದೇ, ಕಾಣಿಕೆ ಎರಡು ಬಗೆ. ದೇವನಹಳ್ಳಿಯ ಗೇಟಿನಲ್ಲಿ ನಮ್ಮ ಪ್ರಾಣವನ್ನೇನೂ ತೂಗುತ್ತಿಲ್ಲವಷ್ಟೆ.

ಇದು ಆಗದ ಮಾತೆನ್ನುವವರು ದೆಹಲಿಯನ್ನು ನೋಡಲಿ. 2025ರ ಏಪ್ರಿಲ್ 16ರಿಂದ ಅಲ್ಲಿ ಹೊರದೇಶಕ್ಕೆ ಹೊರಡುವ ಎಕಾನಮಿ ಪ್ರಯಾಣಿಕನಿಗೆ 650, ಬಿಸಿನೆಸ್ ಕ್ಲಾಸಿನವನಿಗೆ 810 ರೂಪಾಯಿ ಎಂದು ಅದೇ ಪ್ರಾಧಿಕಾರ ಗೊತ್ತುಮಾಡಿತು. ವ್ಯತ್ಯಾಸ ಬರೀ 160 ರೂಪಾಯಿ, ಒಳಗಿನ ಅಂಗಡಿಯ ಒಂದು ಕಾಫಿಯ ಬೆಲೆಯೂ ಆಗಲಿಕ್ಕಿಲ್ಲ. ಆ ಕಾಫಿ ಬೀಜ ಕೊಯ್ದವರು ನೀವೇ. ಆದರೂ ಎಲ್ಲರ ತಲೆಗೂ ಒಂದೇ ಎಂಬ ಗೋಡೆ ಅಲ್ಲಿ ಬಿರುಕು ಬಿಟ್ಟಿತು. ಕೂಲಿಗೆ ಹೊರದೇಶಕ್ಕೆ ಹೋಗುವವರನ್ನು ಸರ್ಕಾರ ಗುರುತಿಸಲಾರದೆಂದಲ್ಲ. ಹತ್ತನೆಯ ತರಗತಿ ದಾಟದವರ ಪಾಸ್‌ಪೋರ್ಟಿನಲ್ಲಿ ವಲಸೆ ತಪಾಸಣೆ ಬೇಕೆಂಬ ಗುರುತು ಇದ್ದೇ ಇರುತ್ತದೆ. ಆ ಗುರುತನ್ನು ತಡೆಯುವುದಕ್ಕೆ ಬಳಸುತ್ತಾರೆ, ಒಮ್ಮೆ ರಿಯಾಯಿತಿ ಕೊಡುವುದಕ್ಕೂ ಬಳಸಲಿ.

ಪ್ರಾಧಿಕಾರವು ದರ ಗೊತ್ತುಮಾಡುವ ಮೊದಲು ಸಮಾಲೋಚನಾ ಪತ್ರ ಹೊರಡಿಸಿ ಅಭಿಪ್ರಾಯ ಕೇಳುತ್ತದೆ. ಬರೆಯುವವರು ವಿಮಾನ ಕಂಪನಿಗಳು, ನಿಲ್ದಾಣದ ಕಂಪನಿಗಳು, ಅವರ ವಕೀಲರು. ಬೆಂಗಳೂರಿನ ಮೂರನೆಯ ಅವಧಿಯ ಲೆಕ್ಕ 2021ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನದು. ಆಗ ನಮ್ಮಂಥ ಒಂದು ಕೂಲಿಕಾರರ ಸಂಘವಾದರೂ ಬರೆದದ್ದು ನಮ್ಮ ಕಿವಿಗೆ ಬೀಳಲಿಲ್ಲ, ನಾವೂ ಬರೆಯಲಿಲ್ಲ. ಅದು ನಮ್ಮ ತಪ್ಪು. ಇನ್ನು ಮುಂದೆ ಅಂಥ ಪತ್ರ ಬಂದಾಗಲೆಲ್ಲ ಕನ್ನಡದಲ್ಲೂ ತೆಲುಗಿನಲ್ಲೂ ಸಹಿ ಕೂಡಿಸಿ ಕಳುಹಿಸಬೇಕೆಂಬುದು ನಮ್ಮ ಅಭಿಪ್ರಾಯ.

ಅಲ್ಲಿಯವರೆಗೆ ಟಿಕೆಟಿನ ಕಾಗದ ಎಸೆಯಬೇಡಿರಿ. ಎರಡು ವರ್ಷದೊಳಗಿನ ಕೂಸಿಗೆ ಯು.ಡಿ.ಎಫ್. ಇಲ್ಲ, ಹಿಡಿದಿದ್ದರೆ ಕೇಳಿರಿ. ಪ್ರಯಾಣ ತಪ್ಪಿದ್ದರೆ ಆ ಕಾಗದವನ್ನು ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಬಳಿಗೆ ತನ್ನಿರಿ, ಕೂತು ಅರ್ಜಿ ಬರೆಯೋಣ.