ಕತ್ತಿ ಸಿನಿಮಾಗೆ ಲಾಜಿಕ್ ಕೇಳೋರಿಗೆ

ಹಳೇ ಕಾಲದ ಕಥೆ. ಹೀರೋ ಒಬ್ಬನೇ ಕೋಟೆಗೆ ನುಗ್ತಾನೆ, ಹತ್ತು ಜನರನ್ನ ಹೊಡೀತಾನೆ, ಮಧ್ಯೆ ಎರಡು ಜೋಕು ಹೇಳ್ತಾನೆ. ತಕ್ಷಣ ನಮ್ಮ ಓದಿಕೊಂಡೋರಿಗೆ ತಲೆನೋವು ಶುರು. ಲಾಜಿಕ್ ಎಲ್ರೀ? ಆ ಕಾಲದಲ್ಲಿ ಆ ಬಟ್ಟೆ ಇತ್ತಾ? ಇತಿಹಾಸಕ್ಕೆ ಅಪಚಾರ! ಸ್ವಾಮಿ, ಅದು ಇತಿಹಾಸ ಅಂತ ನಿಮಗೆ ಹೇಳಿದ್ಯಾರು?

ನಮ್ಮ ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ಕತ್ತಿ ಸಿನಿಮಾನೂ ನಮಗೆ ಎರಡು ಭಾಷೇಲೂ ಸಿಕ್ತು. ಉಡುಪಿ ಕಡೆಯ ಬಿ. ವಿಠಲಾಚಾರ್ಯ 1963ರಲ್ಲಿ ಒಂದೇ ಕಥೆಯನ್ನ ರಾಜ್‌ಕುಮಾರ್ ಜೊತೆ 'ವೀರಕೇಸರಿ' ಅಂತ, ಎನ್‌ಟಿಆರ್ ಜೊತೆ 'ಬಂದಿಪೋಟು' ಅಂತ ತೆಗೆದ್ರು. ಅದು ಯಾವ ಶತಮಾನ ಅಂತ ನಮ್ಮೂರಲ್ಲಿ ಯಾರೂ ಕೇಳಲಿಲ್ಲ. ಕೇಳದೇ ಇದ್ದದ್ದು ದಡ್ಡತನದಿಂದ ಅಲ್ಲ. ರಾತ್ರಿಯೆಲ್ಲಾ ಕೂತು ಕೇಳಿಕೆ ನೋಡಿದ ಜನ ಅವರು. ಹಗಲು ಹೊಲ ಉತ್ತವನೇ ರಾತ್ರಿ ದುರ್ಯೋಧನನಾಗಿ ಕುಣಿಯೋದನ್ನ ಕಂಡೋರಿಗೆ ವೇಷ ಯಾವುದು, ನಿಜ ಯಾವುದು ಅಂತ ಪಾಠ ಹೇಳಬೇಕಾ?

ತಮಾಷೆ ಏನಂದ್ರೆ, ಲಾಜಿಕ್ ಕೇಳೋ ಇದೇ ಜನ ನಗು ಇಲ್ಲದ ಸಿನಿಮಾನ ಸಲೀಸಾಗಿ ನಂಬಿಬಿಡ್ತಾರೆ. 2018ರಲ್ಲಿ 'ಕೆಜಿಎಫ್' ಬಂತು. ಸಿನಿಮಾ ಆಗಿ ನಾನೂ ಶಿಳ್ಳೆ ಹೊಡೆದಿದ್ದೀನಿ. ಆದರೆ ಕೋಲಾರದೋನು ಅಂದ ಕೂಡಲೇ ಬೆಂಗಳೂರಿನ ಆಫೀಸಲ್ಲಿ ಬರೋ ಪ್ರಶ್ನೆ: 'ಅಲ್ಲಿ ನಿಜವಾಗ್ಲೂ ಗುಲಾಮರನ್ನ ಇಟ್ಟಿದ್ರಾ?' ನಾರಾಚಿ ಕಟ್ಟುಕಥೆ. ನಿಜವಾದ ಗಣಿಯನ್ನ 1880ರಿಂದ ನಡೆಸಿದ್ದು ಜಾನ್ ಟೇಲರ್ ಕಂಪನಿ, 1956ರಲ್ಲಿ ಅದು ಸರ್ಕಾರದ ಕೈಗೆ ಬಂತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದೋರಲ್ಲಿ ಬಹುಪಾಲು ತಮಿಳು ಮಾತಾಡೋ ದಲಿತ ಕಾರ್ಮಿಕರು. ಬೆರಳಚ್ಚು ತಗೋತೀವಿ ಅಂದಾಗ 1930ರಲ್ಲಿ ಅವರೇ ಮುಷ್ಕರ ಹೂಡಿದ್ರು. ಯಾವ ಹೀರೋ ಬರ್ತಾನೆ ಅಂತ ಕಾಯ್ತಾ ಕೂರಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿಗೆ ಬೀಗ ಬಿತ್ತು. ಈ ಕಥೆ ಎಷ್ಟು ಜನಕ್ಕೆ ಗೊತ್ತು?

ಹಾಗಾಗಿ ನನ್ನ ವಾದ ಇಷ್ಟೇ. 'ಇದು ಆಟ ಕಣ್ರೋ' ಅಂತ ಮೊದಲೇ ಕಣ್ಣು ಹೊಡೆಯೋ ಸಿನಿಮಾ ಯಾರ ಇತಿಹಾಸವನ್ನೂ ಕದಿಯಲ್ಲ. 2019ರ 'ಅವನೇ ಶ್ರೀಮನ್ನಾರಾಯಣ'ದ ಅಮರಾವತಿಯನ್ನ ಯಾರಾದ್ರೂ ನಕ್ಷೆಯಲ್ಲಿ ಹುಡುಕಿದ್ರಾ? ಗಂಟುಮುಖ ಹಾಕ್ಕೊಂಡು, ಕಪ್ಪು ಬಣ್ಣ ಬಳಕೊಂಡು, ನಿಜವಾದ ಊರಿನ ಹೆಸರಿಟ್ಕೊಂಡು ಬರೋ ಸಿನಿಮಾನೇ ಅಪಾಯ. ಪ್ರಶ್ನೆ ಕೇಳೋದಾದ್ರೆ ಅದನ್ನ ಕೇಳಿ.

ವಾರವೆಲ್ಲಾ ಕೋಡ್ ಬರೆದು, ಮಾಲೂರು ದಾಟೋ ರೈಲಲ್ಲಿ ನಿಂತ್ಕೊಂಡು ಊರಿಗೆ ಬರೋನಿಗೆ ಎರಡೂವರೆ ಗಂಟೆ ನಗು ಬೇಕು. ಅದು ಕೀಳು ಅಭಿರುಚಿ ಅಲ್ಲ. ನಮ್ಮಲ್ಲಿ ಅಂತರಗಂಗೆಯ ಗುಹೆಗಳಿವೆ, ಆವಣಿ ಬೆಟ್ಟ ಇದೆ, ಕುರುಡುಮಲೆ ಇದೆ. ಇಲ್ಲದ ಒಂದು ರಾಜ್ಯ, ಇಲ್ಲದ ಒಬ್ಬ ರಾಜ, ಬಾಯಿಬಡುಕ ಒಬ್ಬ ಕಳ್ಳ, ಇಷ್ಟು ಸಾಕು, ಇಲ್ಲೇ ಒಂದು ಸಿನಿಮಾ ತೆಗೀರಿ. ಸುಳ್ಳೇ ಹೇಳಿ, ಆದರೆ ನಗ್ತಾ ಹೇಳಿ. ನಮ್ಮೂರಿನ ನಿಜವನ್ನ ಮಾತ್ರ ನಮಗೇ ಬಿಡಿ.