ಮೂರು ತಿಂಗಳ ಚುಚ್ಚುಮದ್ದು: ಮೊದಲೇ ಕೇಳಿಕೊಳ್ಳಿ

ಗರ್ಭನಿರೋಧಕ ಚುಚ್ಚುಮದ್ದಿನ ಬಗ್ಗೆ ಬರುವ ಪತ್ರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ: "ಹೀಗಾಗುತ್ತೆ ಅಂತ ಮೊದಲೇ ಯಾರೂ ಹೇಳಲಿಲ್ಲ, ಡಾಕ್ಟ್ರೇ." ಒಬ್ಬ ಸೋದರಿಗೆ ಇಪ್ಪತ್ತು ದಿನಗಳಿಂದ ರಕ್ತದ ಕಲೆ ನಿಂತಿಲ್ಲ. ಇನ್ನೊಬ್ಬರಿಗೆ ಐದು ತಿಂಗಳಿನಿಂದ ಮುಟ್ಟೇ ಇಲ್ಲ. ಕೆಟ್ಟ ರಕ್ತವೆಲ್ಲ ಒಳಗೇ ಕಟ್ಟಿಕೊಂಡಿದೆ ಎಂದು ಮನೆಯ ಹಿರಿಯರು ಹೆದರಿಸಿದ್ದಾರೆ. ಮೂರನೆಯವರಿಗೆ ಎರಡನೇ ಮಗುವಿನ ಆಸೆ. ಕೊನೆಯ ಚುಚ್ಚುಮದ್ದು ಹಾಕಿಸಿಕೊಂಡು ಏಳು ತಿಂಗಳಾದರೂ ಗರ್ಭ ನಿಂತಿಲ್ಲ. ಒಬ್ಬೊಬ್ಬರಿಗೆ ಎರಡೆರಡು ಸಾಲಿನ ಉತ್ತರ ಬರೆಯುವ ಬದಲು, ಈ ಸಲದ ಅಂಕಣವನ್ನೆಲ್ಲ ಇದಕ್ಕೇ ಮೀಸಲಿಡೋಣ.

ಇದು ಯಾವ ಔಷಧಿ?

ಇದರ ಹೆಸರು ಮೆಡ್ರಾಕ್ಸಿಪ್ರೊಜೆಸ್ಟರಾನ್. ನಮ್ಮ ದೇಹದಲ್ಲೇ ಹುಟ್ಟುವ ಪ್ರೊಜೆಸ್ಟರಾನ್ ಹಾರ್ಮೋನಿನಂತೆ ಕೆಲಸ ಮಾಡುವ ಔಷಧಿ. 150 ಮಿಲಿಗ್ರಾಂನಷ್ಟನ್ನು ತೋಳಿನ ಅಥವಾ ಸೊಂಟದ ಕೆಳಗಿನ ಸ್ನಾಯುವಿಗೆ ಮೂರು ತಿಂಗಳಿಗೊಮ್ಮೆ ಚುಚ್ಚುತ್ತಾರೆ. 1993ರಲ್ಲಿ ನಮ್ಮ ದೇಶದಲ್ಲಿ ಇದರ ಮಾರಾಟಕ್ಕೆ ಅನುಮತಿ ಸಿಕ್ಕಿತು. 2017ರಲ್ಲಿ ಸರ್ಕಾರ ಇದನ್ನು ‘ಅಂತರಾ’ ಎಂಬ ಹೆಸರಿನಲ್ಲಿ ಕುಟುಂಬ ಯೋಜನೆಯ ಕಾರ್ಯಕ್ರಮಕ್ಕೆ ಸೇರಿಸಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಲಾರಂಭಿಸಿತು.

ಈ ಔಷಧಿ ಅಂಡಾಣು ಬಿಡುಗಡೆಯಾಗದಂತೆ ತಡೆಯುತ್ತದೆ. ಗರ್ಭಕೋಶದ ಕೊರಳಿನ ಲೋಳೆಯನ್ನು ಗಟ್ಟಿ ಮಾಡುತ್ತದೆ. ಗರ್ಭಕೋಶದ ಒಳಪದರವನ್ನು ತೆಳುವಾಗಿಸುತ್ತದೆ. ದಿನ ತಪ್ಪದೆ ಹಾಕಿಸಿಕೊಂಡರೆ ವರ್ಷಕ್ಕೆ 1,000 ಹೆಂಗಸರಲ್ಲಿ ಸುಮಾರು ಇಬ್ಬರಿಗೆ ಮಾತ್ರ ಗರ್ಭ ನಿಂತೀತು. ದಿನ ತಪ್ಪಿಸುವವರನ್ನೂ ಲೆಕ್ಕಕ್ಕೆ ಹಿಡಿದರೆ 100ಕ್ಕೆ ನಾಲ್ವರು. ಹಾಲೂಡಿಸುವ ತಾಯಂದಿರೂ ಹೆರಿಗೆಯಾಗಿ ಆರು ವಾರದ ನಂತರ ಹಾಕಿಸಿಕೊಳ್ಳಬಹುದು. ಒಳ್ಳೆಯ ಸಾಧನ, ಅನುಮಾನವಿಲ್ಲ.

ಆದರೆ ಇದರ ಒಂದು ಗುಣ ನೆನಪಿರಲಿ. ಮಾತ್ರೆ ಒಗ್ಗದಿದ್ದರೆ ನಾಳೆಯೇ ಬಿಡಬಹುದು. ಕಾಪರ್-ಟಿ ಬೇಡವೆಂದರೆ ತೆಗೆಸಬಹುದು. ಚುಚ್ಚಿದ ಔಷಧಿಯನ್ನು ಮಾತ್ರ ಹೊರಗೆ ತೆಗೆಯಲಾಗದು. ಅದರ ಪ್ರಭಾವ ತಾನಾಗಿ ಇಳಿಯುವವರೆಗೆ ಕಾಯಲೇಬೇಕು. ಆದ್ದರಿಂದಲೇ ತಿಳಿದುಕೊಳ್ಳಬೇಕಾದ್ದನ್ನೆಲ್ಲ ಸೂಜಿಗೆ ಮೊದಲೇ ತಿಳಿದುಕೊಳ್ಳಬೇಕು.

ಕಲೆ ನಿಲ್ಲುತ್ತಿಲ್ಲ

ಮೊದಲ ಕೆಲವು ತಿಂಗಳು ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಕಾಣಿಸುವುದು ಬಹಳ ಸಾಮಾನ್ಯ. ಕೆಲವರಿಗೆ ಬರೀ ಕಲೆ, ಕೆಲವರಿಗೆ ದಿನಗಟ್ಟಲೆ ಸ್ರಾವ. ಹೆಚ್ಚಿನವರಲ್ಲಿ ಎರಡು ಮೂರು ಚುಚ್ಚುಮದ್ದಿನ ಹೊತ್ತಿಗೆ ಇದು ಕಡಿಮೆಯಾಗುತ್ತದೆ. ಅಪಾಯವಿಲ್ಲದಿದ್ದರೂ ತೊಂದರೆ ಸಣ್ಣದಲ್ಲ. ಮುಟ್ಟಾದವರು ಇಂದಿಗೂ ಹೊರಗೆ ಕೂರುವ ಮನೆಗಳಿವೆ. ಅಂಥ ಮನೆಯ ಸೊಸೆಗೆ ಇಪ್ಪತ್ತು ದಿನದ ಕಲೆಯೆಂದರೆ ಇಪ್ಪತ್ತು ದಿನ ಅಡುಗೆಮನೆಯಿಲ್ಲ, ದೇವರಮನೆಯಿಲ್ಲ, ಕೊಂಕುಮಾತು ಬೇರೆ. ಮನೆಯಲ್ಲಿ ಯಾರಿಗೂ ಹೇಳದೆ ಹಾಕಿಸಿಕೊಂಡವರಿಗಂತೂ ಗುಟ್ಟು ಬಯಲಾಗುವ ಭಯ. ‘ಏನೂ ಆಗಲ್ಲ, ಹೋಗಮ್ಮ’ ಎಂದುಬಿಟ್ಟರೆ ಇವರಿಗೆ ಏನು ಉಪಯೋಗ?

ಸ್ರಾವ ಬೇಸರ ತರುವಷ್ಟಿದ್ದರೆ ಆಸ್ಪತ್ರೆಗೆ ಹೋಗಿ. ಐದು ದಿನಗಳ ಮಾತ್ರೆಗಳಿಂದ, ಉದಾಹರಣೆಗೆ ಮೆಫೆನಮಿಕ್ ಆಸಿಡ್ ಅಥವಾ ಐಬುಪ್ರೊಫೆನ್‌ನಿಂದ, ಹಲವರಿಗೆ ತಾತ್ಕಾಲಿಕ ಶಮನ ಸಿಗುತ್ತದೆ. ಇವನ್ನು ವೈದ್ಯರು ಹೇಳಿದ ಮೇಲೆ ತೆಗೆದುಕೊಳ್ಳಿ, ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಮೊದಲೇ ರಕ್ತಹೀನತೆ ಇರುವವರಿಗೆ ಕಬ್ಬಿಣದ ಮಾತ್ರೆ ಬೇಕಾಗಬಹುದು. ಎಂದಿನ ಮುಟ್ಟಿಗಿಂತ ಎರಡರಷ್ಟು ಸ್ರಾವವಾದರೆ, ಅಥವಾ ಎಂಟು ದಿನ ಮೀರಿ ಹೋಗುತ್ತಿದ್ದರೆ ಕಾಯಬೇಡಿ. ಬಹಳ ದಿನ ಸರಿಯಿದ್ದು ಥಟ್ಟನೆ ಸ್ರಾವ ಶುರುವಾದರೆ, ಅದಕ್ಕೆ ಚುಚ್ಚುಮದ್ದಲ್ಲದೆ ಬೇರೆ ಕಾರಣವಿದೆಯೇ ಎಂದೂ ನೋಡಿಸಬೇಕು.

ಮುಟ್ಟೇ ಇಲ್ಲ!

ವರ್ಷ ತುಂಬುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮುಟ್ಟು ನಿಂತಿರುತ್ತದೆ. ಹಾಗಾದರೆ ಆ ರಕ್ತವೆಲ್ಲ ಎಲ್ಲಿ ಹೋಯಿತು ಅಂತೀರಾ? ಎಲ್ಲೂ ಹೋಗಿಲ್ಲ. ಪ್ರತಿ ತಿಂಗಳು ಗರ್ಭಕೋಶದ ಒಳಪದರ ಬೆಳೆದು ಕಳಚಿ ಬೀಳುವುದೇ ಮುಟ್ಟು. ಚುಚ್ಚುಮದ್ದಿನಿಂದ ಆ ಪದರ ತೆಳುವಾಗಿಯೇ ಉಳಿಯುತ್ತದೆ. ಬೆಳೆಯದ ಮೇಲೆ ಕಳಚುವುದೇನು? ಒಳಗೆ ಏನೂ ಕಟ್ಟಿಕೊಂಡಿಲ್ಲ, ಗಡ್ಡೆಯಾಗುವುದಿಲ್ಲ, ಮೈಗೆ ನಂಜೇರುವುದಿಲ್ಲ. ಮುಟ್ಟು ತರಿಸಲೆಂದು ಕಷಾಯ, ಮಾತ್ರೆ ತೆಗೆದುಕೊಳ್ಳಬೇಡಿ. ಚುಚ್ಚುಮದ್ದಿನ ದಿನ ತಪ್ಪಿದ್ದರೆ ಮಾತ್ರ ಗರ್ಭಪರೀಕ್ಷೆ ಮಾಡಿಸಿ.

ಮಗು ಬೇಕೆನಿಸಿದಾಗ

ಮೂರನೆಯ ಸೋದರಿಗೆ ಧೈರ್ಯ ಹೇಳುವ ಮಾತು: ಚುಚ್ಚುಮದ್ದಿನಿಂದ ಬಂಜೆತನ ಬರುವುದಿಲ್ಲ, ತಡವಾಗುತ್ತದೆ ಅಷ್ಟೇ. ಕೊನೆಯ ಚುಚ್ಚುಮದ್ದಿನಿಂದ ಗರ್ಭ ನಿಲ್ಲುವವರೆಗೆ ಸರಾಸರಿ ಹತ್ತು ತಿಂಗಳು ಹಿಡಿಯುತ್ತದೆ. ಏಳನೇ ತಿಂಗಳಿಗೆ ಕಂಗೆಡಬೇಕಾದ್ದಿಲ್ಲ. ವರ್ಷ ದಾಟಿದರೂ ಫಲ ಕಾಣದಿದ್ದರೆ ಗಂಡಹೆಂಡತಿ ಇಬ್ಬರೂ ತಪಾಸಣೆ ಮಾಡಿಸಿಕೊಳ್ಳಿ. ವಯಸ್ಸು 35 ಮೀರಿದ್ದರೆ ಅಷ್ಟು ಕಾಯುವುದೂ ಬೇಡ. ಬರುವ ವರ್ಷವೇ ಮಗು ಬೇಕೆಂದಿರುವವರು ಮೊದಲಿಗೇ ಬೇರೆ ಸಾಧನ ಆರಿಸಿಕೊಳ್ಳುವುದು ಮೇಲು. ಹಾಗೆಂದು, ಹೇಗೂ ತಡವಾಗುತ್ತಲ್ಲ ಅಂತ ಚುಚ್ಚುಮದ್ದು ಬಿಟ್ಟು ನಿಶ್ಚಿಂತೆಯಿಂದ ಇರಬೇಡಿ. ಕೆಲವರಿಗೆ ಬೇಗನೆ ನಿಂತುಬಿಡುತ್ತದೆ.

ತೂಕ, ಮೂಳೆ, ಮನಸ್ಸು

ವರ್ಷಕ್ಕೆ ಸರಾಸರಿ ಒಂದೆರಡು ಕೆ.ಜಿ. ತೂಕ ಏರುವುದುಂಟು, ಕೆಲವರಿಗೆ ಹೆಚ್ಚು, ಕೆಲವರಿಗೆ ಏನೂ ಇಲ್ಲ. ತಲೆನೋವು, ತಲೆಸುತ್ತು, ಹೊಟ್ಟೆಯುಬ್ಬರ, ದಾಂಪತ್ಯದಲ್ಲಿ ನಿರಾಸಕ್ತಿ ಕೂಡ ಬರಬಹುದು. ಕಾರಣವಿಲ್ಲದೆ ಅಳು ಬರುವುದು, ಮನಸ್ಸು ಮಂಕಾಗುವುದು ಆದರೆ ‘ನನ್ನದೇ ಸ್ವಭಾವ’ ಎಂದು ನುಂಗಿಕೊಳ್ಳದೆ ವೈದ್ಯರಿಗೆ ಹೇಳಿ.

ಔಷಧಿ ನಡೆಯುವಷ್ಟು ಕಾಲ ಮೂಳೆಯ ಸಾಂದ್ರತೆ ತುಸು ಕುಗ್ಗುತ್ತದೆ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಎಚ್ಚರಿಕೆಯನ್ನು ಔಷಧಿಯ ಪತ್ರದಲ್ಲೇ ಅಚ್ಚು ಹಾಕಿಸಿದರು. ಬಿಟ್ಟ ಮೇಲೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಆದರೂ 18ಕ್ಕಿಂತ ಕಿರಿಯರು, 45 ದಾಟಿದವರು ವೈದ್ಯರೊಡನೆ ಚೆನ್ನಾಗಿ ಚರ್ಚಿಸಬೇಕು. ಊಟದಲ್ಲಿ ರಾಗಿ, ಹಾಲು, ಮಜ್ಜಿಗೆ ತಪ್ಪಿಸಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ.

ಇನ್ನೊಂದು ಇತ್ತೀಚಿನ ವಿಷಯ. 2024ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ದೊಡ್ಡ ಅಧ್ಯಯನದಲ್ಲಿ, ಈ ಚುಚ್ಚುಮದ್ದನ್ನು ವರ್ಷಕ್ಕಿಂತ ಹೆಚ್ಚು ಕಾಲ ಹಾಕಿಸಿಕೊಂಡವರಲ್ಲಿ ಮೆನಿಂಜಿಯೋಮ ಎಂಬ, ಮಿದುಳಿನ ಹೊದಿಕೆಯ ಗಡ್ಡೆಯ ಸಂಭವ ಐದೂವರೆ ಪಟ್ಟು ಹೆಚ್ಚೆಂದು ಕಂಡುಬಂತು. ಈ ಗಡ್ಡೆಯೇ ಅಪರೂಪ, ಬಹುಪಾಲು ಕ್ಯಾನ್ಸರ್ ಅಲ್ಲ. ಆದ್ದರಿಂದ ಒಬ್ಬೊಬ್ಬರಿಗಿರುವ ಅಪಾಯ ಈಗಲೂ ಸಣ್ಣದೇ. ಹಿಂದೆ ಇಂಥ ಗಡ್ಡೆಯಾಗಿದ್ದವರು ಮಾತ್ರ ಇದನ್ನು ವೈದ್ಯರಿಗೆ ಹೇಳಲೇಬೇಕು.

ಯಾರಿಗೆ ಬೇಡ?

ಸ್ತನದ ಕ್ಯಾನ್ಸರ್ ಇರುವವರು ಅಥವಾ ಹಿಂದೆ ಆಗಿದ್ದವರು, ಲಕ್ವ ಅಥವಾ ಹೃದಯಾಘಾತ ಆಗಿದ್ದವರು, ರಕ್ತದೊತ್ತಡ ತೀರಾ ಹೆಚ್ಚಿರುವವರು, ಯಕೃತ್ತಿನ ತೀವ್ರ ಕಾಯಿಲೆಯವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು: ಇವರಿಗೆ ಸಾಮಾನ್ಯವಾಗಿ ಬೇರೆ ಸಾಧನ ಸೂಚಿಸುತ್ತಾರೆ. ಆದ್ದರಿಂದ ಮೊದಲ ಚುಚ್ಚುಮದ್ದಿಗೆ ಮುಂಚೆ ವೈದ್ಯರ ತಪಾಸಣೆ ಅಗತ್ಯ. ಬಿ.ಪಿ. ನೋಡದೆ, ಒಂದು ಪ್ರಶ್ನೆಯನ್ನೂ ಕೇಳದೆ ಸೂಜಿ ಹಿಡಿದರೆ ‘ಸ್ವಲ್ಪ ತಡೀರಿ’ ಅನ್ನಿ.

ಹಾಕಿಸಿಕೊಂಡ ಮೇಲೆ ಆ ಜಾಗವನ್ನು ತಿಕ್ಕಬಾರದು, ಶಾಖವನ್ನೂ ಕೊಡಬಾರದು. ಕೊಟ್ಟರೆ ಔಷಧಿ ಬೇಗ ಹೀರಿಹೋಗುತ್ತದೆ. ಮುಂದಿನ ದಿನಾಂಕ ಬರೆದ ಕಾರ್ಡನ್ನು ಜೋಪಾನ ಮಾಡಿ. ಎರಡು ವಾರ ಮೊದಲಾದರೂ ನಾಲ್ಕು ವಾರ ತಡವಾದರೂ ನಡೆಯುತ್ತದೆ, ಅದರಾಚೆ ಬೇಡ. ಲೈಂಗಿಕ ರೋಗಗಳಿಂದ ಇದು ರಕ್ಷಿಸುವುದಿಲ್ಲ, ಅದಕ್ಕೆ ನಿರೋಧ್ ಬೇಕೇ ಬೇಕು.

ಕಣ್ಣು ಮಂಜಾಗುವಂಥ ವಿಪರೀತ ತಲೆನೋವು, ಕಿಬ್ಬೊಟ್ಟೆಯ ತೀವ್ರ ನೋವು, ಎದೆನೋವು, ಉಸಿರುಕಟ್ಟುವುದು, ಒಂದೇ ಕಾಲಿನ ಬಾವು, ಕಾಮಾಲೆ, ಚುಚ್ಚಿದ ಕಡೆ ಕೀವು: ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ.

ಕೇಳುವುದು ನಿಮ್ಮ ಹಕ್ಕು

1986ರಲ್ಲಿ ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನಾ, ದಿಲ್ಲಿಯ ಸಹೇಲಿ ಮೊದಲಾದ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. ಆಗ ಪ್ರಯೋಗದಲ್ಲಿದ್ದ ನೆಟ್-ಎನ್ ಎಂಬ ಇನ್ನೊಂದು ಗರ್ಭನಿರೋಧಕ ಚುಚ್ಚುಮದ್ದಿನ ವಿಚಾರ ಅದು. ಹೆಂಗಸರಿಗೆ ಸರಿಯಾಗಿ ತಿಳಿಸಿ ಒಪ್ಪಿಗೆ ಪಡೆಯುತ್ತಿಲ್ಲ ಎಂಬುದು ಅವರ ಮುಖ್ಯ ತಕರಾರು. ನೀವು ಬರೆದ ಪತ್ರಗಳ ದೂರೂ ಅದೇ ಅಲ್ಲವೇ?

ಮುಂದಿನ ಸಲ ಹೋದಾಗ ನಾಲ್ಕು ಪ್ರಶ್ನೆ ಕೇಳಿ. ನನ್ನ ಮುಟ್ಟಿನಲ್ಲಿ ಏನು ಬದಲಾವಣೆಯಾಗುತ್ತೆ? ಬಿಟ್ಟ ಮೇಲೆ ಮಗುವಾಗಲು ಎಷ್ಟು ಕಾಲ ಬೇಕು? ನನ್ನ ಆರೋಗ್ಯಕ್ಕೆ ಇದು ಒಗ್ಗುತ್ತದೆಯೇ? ತೊಂದರೆಯಾದರೆ ಯಾರ ಹತ್ತಿರ ಬರಬೇಕು? ಉತ್ತರ ಕೇಳಿ ಒಪ್ಪಿಗೆಯಾದರೆ ನೆಮ್ಮದಿಯಿಂದ ಹಾಕಿಸಿಕೊಳ್ಳಿ. ಒಪ್ಪಿಗೆಯಾಗದಿದ್ದರೆ ಮಾತ್ರೆ, ಕಾಪರ್-ಟಿ, ನಿರೋಧ್ ಇದ್ದೇ ಇವೆ. ಪತಿರಾಯರಿಗೆ ವ್ಯಾಸೆಕ್ಟಮಿ ಕೂಡ ಇದೆ, ಅದನ್ನೂ ಮರೆಯಬೇಡಿ!